ಹಾರ್ಸ್‌ಪವರ್ ಹೆಚ್ಚಿತು, ಕ್ಲಚ್ ತಡೆದೀತೇ?

ಬಿ.ಇ. ಮೆಕ್ಯಾನಿಕಲ್ ಓದುವ ಹುಡುಗ ರಜೆಗೆ ಊರಿಗೆ ಬಂದನೆಂದರೆ ಓಣಿಗೊಬ್ಬ ಬಿಟ್ಟಿ ಮೆಕ್ಯಾನಿಕ್ ಸಿಕ್ಕಂತೆ. ಮಿಕ್ಸಿ ನಿಂತರೂ ಕರೆಯುತ್ತಾರೆ, ಬೋರ್‌ವೆಲ್ ಮೋಟರ್ ಸುಟ್ಟರೂ ಕರೆಯುತ್ತಾರೆ. ಈಚೆಗೆ ನನಗೆ ಬರುತ್ತಿರುವ ಪ್ರಶ್ನೆ ಮಾತ್ರ ಬೇರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಗೆಳೆಯರು, ನೆಂಟರ ಹುಡುಗರು ಕೇಳುವುದು ಒಂದೇ: ‘ಗಾಡಿ ರೀಮ್ಯಾಪ್ ಮಾಡಿಸೀನಿ, ಈಗ ಕ್ಲಚ್ ಸ್ಲಿಪ್ ಆಗ್ತೈತಿ. ಯಾವ ಕ್ಲಚ್ ಹಾಕಿಸ್ಲಿ?’

ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಕೊಳ್ಳುವುದು, ಲ್ಯಾಪ್‌ಟಾಪ್ ಹಚ್ಚಿ ಅದರ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು, ಪವರ್ ಹೆಚ್ಚಿತೆಂದು ಹಿಗ್ಗುವುದು ನಮ್ಮ ವಯಸ್ಸಿನವರಲ್ಲಿ ಈಗ ಸಾಮಾನ್ಯ. ನನ್ನ ದೊಡ್ಡಪ್ಪನ ಮಗನೂ ಹೀಗೇ ಮಾಡಿದ. ಅವನದು 1.3 ಲೀಟರ್ ಡೀಸೆಲ್ ಸ್ವಿಫ್ಟ್. ಆ ಎಂಜಿನ್ನಿನ ಮೂಲ ಟಾರ್ಕ್, ಅಂದರೆ ತಿರುಗಿಸುವ ಬಲ, 190 ನ್ಯೂಟನ್ ಮೀಟರ್. ರೀಮ್ಯಾಪ್ ಆದಮೇಲೆ ಅದು 240ರ ಹತ್ತಿರ ಎಂದು ಮಾಡಿಕೊಟ್ಟವರು ಹೇಳಿದರಂತೆ. ಎರಡೇ ತಿಂಗಳಲ್ಲಿ ಸಂಡೂರು ಗುಡ್ಡದ ಏರಿನಲ್ಲಿ ಆರ್‌ಪಿಎಂ ಮುಳ್ಳು ಮೇಲೆ ಹೋಯಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಕಾರಿನೊಳಗೆ ಸುಟ್ಟ ವಾಸನೆ. ಹಿಂದಿನ ಸೀಟಿನಲ್ಲಿ ದೊಡ್ಡಮ್ಮ ಇದ್ದರು. ಅವರನ್ನು ತಿಂಗಳಿಗೆ ಎರಡು ಸಲ ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ಯುವುದೂ ಇದೇ ಕಾರಿನಲ್ಲಿ. ಹಾಗಾಗಿ ‘ಯಾವ ಕ್ಲಚ್?’ ಎಂಬುದು ನಮ್ಮ ಮನೆಯಲ್ಲಿ ಬರೀ ಶೋಕಿಯ ಪ್ರಶ್ನೆಯಾಗಿ ಉಳಿಯಲಿಲ್ಲ.

ಸ್ಲಿಪ್ ಆಗುವುದೇಕೆ?

ಕ್ಲಚ್ ಕೆಲಸ ಸರಳ. ಎಂಜಿನ್ ಜೊತೆ ತಿರುಗುವ ಫ್ಲೈವ್ಹೀಲ್ ಒಂದು ಕಡೆ, ಸ್ಪ್ರಿಂಗ್ ಬಲದಿಂದ ಒತ್ತುವ ಪ್ರೆಶರ್ ಪ್ಲೇಟ್ ಇನ್ನೊಂದು ಕಡೆ. ನಡುವೆ ಗೇರ್‌ಬಾಕ್ಸ್ ಶಾಫ್ಟ್ ಮೇಲೆ ಕೂತ ಕ್ಲಚ್ ಪ್ಲೇಟ್. ಎರಡು ಅಂಗೈ ನಡುವೆ ರೊಟ್ಟಿ ಹಿಡಿದಂತೆ. ಅಂಗೈ ಬಿಗಿಯಾಗಿದ್ದರೆ ರೊಟ್ಟಿಯೂ ಜೊತೆಗೆ ತಿರುಗುತ್ತದೆ, ಸಡಿಲವಾದರೆ ಜಾರುತ್ತದೆ.

ಆ ಹಿಡಿತ ಎಷ್ಟೆಂದು ಲೆಕ್ಕ ಹಾಕಲು ನಮ್ಮ ಪಠ್ಯದಲ್ಲಿ ಒಂದು ಸೂತ್ರವಿದೆ. ನಾಲ್ಕು ಸಂಖ್ಯೆ ಗುಣಿಸಿದರೆ ಸಾಕು: ಉಜ್ಜುವ ಮೈಗಳು ಎಷ್ಟು, ಘರ್ಷಣೆಯ ಗುಣಾಂಕ ಎಷ್ಟು, ಒತ್ತುವ ಬಲ ಎಷ್ಟು, ಪ್ಲೇಟಿನ ಸರಾಸರಿ ತ್ರಿಜ್ಯ ಎಷ್ಟು. ಉದಾಹರಣೆಗೆ ಒಂದು ಪ್ಲೇಟಿಗೆ ಎರಡು ಮೈ, ಗುಣಾಂಕ 0.3, ಒತ್ತುವ ಬಲ 4,500 ನ್ಯೂಟನ್, ತ್ರಿಜ್ಯ 9 ಸೆಂ.ಮೀ. ಎಂದಿಟ್ಟುಕೊಳ್ಳಿ. 2 × 0.3 × 4,500 × 0.09 = 243 ನ್ಯೂಟನ್ ಮೀಟರ್. ಎಂಜಿನ್ನಿನ 190ಕ್ಕೆ ಇದು ಶೇ 28ರಷ್ಟು ಹೆಚ್ಚು. ಕಂಪನಿಯವರು ಹೀಗೆ ಒಂದಿಷ್ಟು ಹೆಚ್ಚುವರಿ ಶಕ್ತಿ ಇಟ್ಟೇ ಕ್ಲಚ್ ಮಾಡಿರುತ್ತಾರೆ. ಪ್ಲೇಟ್ ಸವೆದರೂ, ಬಿಸಿಯಾದರೂ ಗಾಡಿ ನಿಲ್ಲಬಾರದು ಎಂಬುದೇ ಅದರ ಉದ್ದೇಶ.

ಈಗ ರೀಮ್ಯಾಪ್ ಮಾಡಿ ಎಂಜಿನ್ನನ್ನು 240ಕ್ಕೆ ಏರಿಸಿದರೆ ಆ ಹೆಚ್ಚುವರಿ ಪೂರ್ತಿ ಖಾಲಿ. ಬೆಳಿಗ್ಗೆ ಕ್ಲಚ್ ತಣ್ಣಗಿದ್ದಾಗ ಏನೂ ಗೊತ್ತಾಗುವುದಿಲ್ಲ. ಏರು ಹತ್ತುವಾಗ ಪ್ಲೇಟ್ ಕಾದು ಗುಣಾಂಕ 0.25ಕ್ಕೆ ಇಳಿದರೆ ಅದೇ ಕ್ಲಚ್ಚಿನ ಹಿಡಿತ 202ಕ್ಕೆ ಬರುತ್ತದೆ. ಜಾರಿದಷ್ಟೂ ಬಿಸಿ, ಬಿಸಿಯಾದಷ್ಟೂ ಜಾರಿಕೆ. ಅಣ್ಣನ ಗಾಡಿಯಲ್ಲಿ ಆದದ್ದು ಇದೇ.

ನಿಮ್ಮ ಗಾಡಿಯಲ್ಲಿ ಪರೀಕ್ಷಿಸಬೇಕೆ? ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಥಟ್ಟನೆ ಏರಿದರೆ ಕ್ಲಚ್ ಜಾರುತ್ತಿದೆ. ಇದನ್ನು ಮತ್ತೆ ಮತ್ತೆ ಮಾಡಬೇಡಿ, ಪ್ಲೇಟ್ ಸುಡುತ್ತದೆ.

ನಾಲ್ಕು ದಾರಿ, ನಾಲ್ಕು ಬೆಲೆ

ಸೂತ್ರದಲ್ಲಿ ನಾಲ್ಕು ಸಂಖ್ಯೆ ಇರುವುದರಿಂದ ಹಿಡಿತ ಹೆಚ್ಚಿಸುವ ದಾರಿಯೂ ನಾಲ್ಕು. 240ರ ಎಂಜಿನ್ನಿಗೆ ಶೇ 25 ಹೆಚ್ಚುವರಿ ಬೇಕೆಂದರೆ ನಮ್ಮ ಗುರಿ 300 ನ್ಯೂಟನ್ ಮೀಟರ್.

ಮೊದಲನೆಯದು ಒತ್ತುವ ಬಲ. ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಶೇ 25ರಷ್ಟು ಬಿಗಿ ಇದ್ದರೆ ಹಿಡಿತ 304ರ ಹತ್ತಿರ ಬರುತ್ತದೆ. ಪ್ಲೇಟ್ ಹಳೆಯ ಬಗೆಯದೇ ಇರಬಹುದು, ಗಾಡಿ ಮೃದುವಾಗಿಯೇ ಹೊರಡುತ್ತದೆ. ಆದರೆ ಪೆಡಲ್ ಗಟ್ಟಿಯಾಗುತ್ತದೆ. ರಿಲೀಸ್ ಬೇರಿಂಗ್, ಕ್ಲಚ್ ಕೇಬಲ್ ಅಥವಾ ಹೈಡ್ರಾಲಿಕ್ ಸಿಲಿಂಡರ್ ಮೇಲೆ ಭಾರ ಹೆಚ್ಚುತ್ತದೆ. ಪೆಡಲ್ ಒತ್ತಿದಾಗಲೆಲ್ಲ ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ಬೇರಿಂಗಿಗೂ ಆ ಒತ್ತಡ ತಾಗುತ್ತದೆ.

ಎರಡನೆಯದು ಪ್ಲೇಟಿನ ವಸ್ತು. ಮಾಮೂಲಿ ಆರ್ಗ್ಯಾನಿಕ್ ಲೈನಿಂಗಿನ ಗುಣಾಂಕ 0.3ರ ಆಸುಪಾಸು. ಲೋಹದ ಪುಡಿ, ಸೆರಾಮಿಕ್ ಬೆರೆಸಿ ಕಾಯಿಸಿ ಮಾಡಿದ ಬಟನ್ ಪ್ಲೇಟಿನದು 0.4 ಅಥವಾ ಮೇಲೆ. ಹಳೆಯ ಸ್ಪ್ರಿಂಗಿನಲ್ಲೇ ಹಿಡಿತ 324 ಆಗುತ್ತದೆ, ಬಿಸಿಯನ್ನೂ ಚೆನ್ನಾಗಿ ತಾಳುತ್ತದೆ. ಇವೆರಡರ ನಡುವೆ ಕೆವ್ಲಾರ್ ಎಂಬ ನಾರಿನ ಪ್ಲೇಟ್ ಇದೆ. ಅದು ಮೃದು, ಬಾಳಿಕೆಯೂ ಚೆನ್ನ. ಆದರೆ ಹೊಸದರಲ್ಲಿ ತಾಳ್ಮೆಯಿಂದ ಓಡಿಸಿ ಪಳಗಿಸಬೇಕು.

ಮೂರನೆಯದು ದೊಡ್ಡ ತ್ರಿಜ್ಯದ ಪ್ಲೇಟ್. ಅದಕ್ಕೆ ತಕ್ಕ ಫ್ಲೈವ್ಹೀಲ್ ಬೇಕು, ಒಳಗೆ ಜಾಗವೂ ಬೇಕು. ನಾಲ್ಕನೆಯದು ಎರಡು ಪ್ಲೇಟ್. ಮೈಗಳು ಎರಡರ ಬದಲು ನಾಲ್ಕಾಗುತ್ತವೆ, ಹಿಡಿತ ನೇರವಾಗಿ 486. ಇದು ರೇಸ್ ಕಾರುಗಳ ದಾರಿ. ಖರ್ಚು ಹೆಚ್ಚು, 240ರ ಸ್ವಿಫ್ಟಿಗೆ ಅಗತ್ಯವೂ ಇಲ್ಲ.

ಬಟನ್ ಪ್ಲೇಟಿನ ಮೋಹ

ಅಣ್ಣನಿಗೆ ಬಟನ್ ಪ್ಲೇಟೇ ಬೇಕಿತ್ತು. ‘ನಮ್ಮ ಟ್ರ್ಯಾಕ್ಟರಿಗೆ ಅದೇ ಐತಿ, ಎಷ್ಟು ಲೋಡ್ ಹಾಕಿದ್ರೂ ಜಗ್ಗತೈತಿ’ ಎಂಬುದು ಅವನ ವಾದ. ಮಾತು ಸುಳ್ಳಲ್ಲ. ನಮ್ಮ ಕಡೆ ಮೆಕ್ಕೆಜೋಳ ಹೇರುವ, ಕಬ್ಬು ಎಳೆಯುವ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಬಟನ್ ಪ್ಲೇಟ್ ಇದೆ. ಆದರೆ ಟ್ರ್ಯಾಕ್ಟರ್ ಹೊಲದಲ್ಲಿ ಒಮ್ಮೆ ಗೇರಿಗೆ ಬಿದ್ದರೆ ಸಾಲಿನ ಕೊನೆಯವರೆಗೆ ಕ್ಲಚ್ ಮುಟ್ಟುವುದಿಲ್ಲ. ಹೊರಡುವಾಗ ಒಂದು ಜರ್ಕ್ ಹೊಡೆದರೆ ಕೇಳುವವರಿಲ್ಲ. ಕಾರಿನ ಬದುಕು ಹಾಗಲ್ಲ.

ಬಟನ್ ಪ್ಲೇಟಿಗೆ ಹಾಫ್ ಕ್ಲಚ್ ಎಂದರೆ ಆಗದು. ಹಿಡಿದರೆ ಪೂರ್ತಿ, ಬಿಟ್ಟರೆ ಪೂರ್ತಿ. ಕೊಟ್ಟೂರು ಗುರುಬಸವೇಶ್ವರ ಸ್ವಾಮಿಯ ತೇರಿನ ದಿನ ಊರೊಳಗೆ ಕಾರು ನುಗ್ಗಿಸಿದವರಿಗೆ ಗೊತ್ತು, ಅಲ್ಲಿ ಗಾಡಿ ಓಡುವುದಿಲ್ಲ, ತೆವಳುತ್ತದೆ. ಅಂಥ ಕಡೆ ಬಟನ್ ಪ್ಲೇಟಿನ ಕಾರು ಗಡಗಡ ನಡುಗುತ್ತ, ಜಿಗಿಯುತ್ತ ಹೋಗುತ್ತದೆ. ಫ್ಲೈವ್ಹೀಲಿನ ಮೈಯನ್ನೂ ಬೇಗ ಸವೆಸುತ್ತದೆ.

ಬಿಸಿಯ ಲೆಕ್ಕವನ್ನೂ ನೋಡಿ. ಐದು ಜನ ಕೂತ, ಒಟ್ಟು 1,400 ಕೆ.ಜಿ. ತೂಗುವ ಕಾರು ಸಮತಟ್ಟು ರಸ್ತೆಯಲ್ಲಿ ನಿಂತಲ್ಲಿಂದ ಹೊರಟು ಗಂಟೆಗೆ ಸುಮಾರು 11 ಕಿ.ಮೀ. ವೇಗಕ್ಕೆ ಬರುವಾಗ ಕ್ಲಚ್ ಪೂರ್ತಿ ಕೂಡಿಕೊಳ್ಳುತ್ತದೆ ಎನ್ನೋಣ. ಆಗ ಕಾರು ಪಡೆದ ಚಲನ ಶಕ್ತಿ ಸುಮಾರು 6,300 ಜೂಲ್. ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಬಿಸಿಯಾಗಿ ಕಳೆಯುತ್ತದೆ. ಟ್ರಾಫಿಕ್ಕಿನಲ್ಲಿ ಹೀಗೆ 50 ಸಲ ನಿಂತು ಹೊರಟರೆ ಒಂದು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಬಿಸಿ. ಇದೆಲ್ಲ ನಡೆಯುವುದು ಒಂದು ತಟ್ಟೆಯಷ್ಟಗಲದ ಜಾಗದಲ್ಲಿ. ಕ್ಲಚ್ಚಿನ ಆಯಸ್ಸು ನಿರ್ಧರಿಸುವುದರಲ್ಲಿ ಪವರಿನಷ್ಟೇ ಪಾಲು ಓಡಿಸುವ ಕಾಲಿನದೂ ಇದೆ.

ರೇಸಿನವರು ಹೇಗೆ ಆರಿಸುತ್ತಾರೆ?

ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ನಡೆಯುವ ರ‍್ಯಾಲಿಗಳಲ್ಲಿ ಕಾರು ಪ್ರತಿ ಹಂತವನ್ನೂ ನಿಂತಲ್ಲಿಂದಲೇ ಶುರು ಮಾಡಬೇಕು, ಅದೂ ಪೂರ್ತಿ ಜೋರಿನಲ್ಲಿ. ಅಲ್ಲಿ ಬಟನ್ ಪ್ಲೇಟಿಗೆ ಅರ್ಥವಿದೆ. ಒಂದು ರ‍್ಯಾಲಿ ಮುಗಿದ ಮೇಲೆ ಗೇರ್‌ಬಾಕ್ಸ್ ಇಳಿಸಿ ನೋಡಲು ತಂಡವೂ ಇರುತ್ತದೆ.

ನಮ್ಮಂಥ ವಿದ್ಯಾರ್ಥಿಗಳ ಸ್ಪರ್ಧೆಗಳಲ್ಲೂ ಆಯ್ಕೆ ಬಳಕೆಯ ಮೇಲೆಯೇ ನಿಂತಿದೆ. ಬಾಹಾ ಎಸ್‌ಎಇ ಇಂಡಿಯಾದ ಕಚ್ಚಾರಸ್ತೆ ಗಾಡಿಗಳಿಗೆ 10 ಹಾರ್ಸ್‌ಪವರಿನ ಸಣ್ಣ ಎಂಜಿನ್. ಅಲ್ಲಿ ಬಹಳ ತಂಡಗಳು ಪೆಡಲ್ ಕ್ಲಚ್ ಬಿಟ್ಟು, ಸ್ಕೂಟರಿನಲ್ಲಿರುವಂಥ ಬೆಲ್ಟಿನ ಸಿವಿಟಿ ಬಳಸುತ್ತವೆ. ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ನಡೆದಿರುವ ಫಾರ್ಮುಲಾ ಭಾರತ್‌ನಲ್ಲಿ 710 ಸಿಸಿವರೆಗಿನ ಎಂಜಿನ್ನಿಗೆ ಅವಕಾಶ. ಬೈಕಿನ ಎಂಜಿನ್ ಹಾಕಿದ ತಂಡಗಳಿಗೆ ಎಣ್ಣೆಯಲ್ಲಿ ಮುಳುಗಿದ ಹಲವು ಪ್ಲೇಟುಗಳ ಕ್ಲಚ್ ಜೊತೆಗೇ ಬರುತ್ತದೆ. ಅವರಲ್ಲಿ ಯಾರೂ ‘ಎಲ್ಲಕ್ಕಿಂತ ಗಟ್ಟಿ ಕ್ಲಚ್ ಯಾವುದು?’ ಎಂದು ಶುರು ಮಾಡುವುದಿಲ್ಲ. ಟಾರ್ಕ್ ಎಷ್ಟು, ತೂಕ ಎಷ್ಟು, ಎಷ್ಟು ಸಲ ನಿಂತು ಹೊರಡಬೇಕು ಎಂದು ಶುರು ಮಾಡುತ್ತಾರೆ.

ಇನ್ನೊಂದು ಮಾತು. ಕ್ಲಚ್ ಮನೆಯ ಫ್ಯೂಸ್ ಇದ್ದಂತೆ. ಮಿತಿ ಮೀರಿದಾಗ ಅದು ಜಾರುವುದರಿಂದ ಗೇರುಗಳು ಉಳಿಯುತ್ತವೆ. ಅಗತ್ಯಕ್ಕಿಂತ ಗಟ್ಟಿ ಕ್ಲಚ್ ಹಾಕಿದರೆ ಏಟು ಗೇರ್‌ಬಾಕ್ಸಿಗೆ, ಡ್ರೈವ್‌ಶಾಫ್ಟಿಗೆ ಬೀಳುತ್ತದೆ. ಕ್ಲಚ್ ಪ್ಲೇಟಿಗಿಂತ ಗೇರ್‌ಬಾಕ್ಸ್ ಎಷ್ಟು ದುಬಾರಿ ಎಂಬುದನ್ನು ಹೇಳಬೇಕಿಲ್ಲ.

ಕೊಳ್ಳುವ ಮುನ್ನ

ಹಗರಿಬೊಮ್ಮನಹಳ್ಳಿಯ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಅಣ್ಣನನ್ನು ಕರೆದೊಯ್ದೆ. ಅವರು ಸೂತ್ರ ಓದಿದವರಲ್ಲ. ಆದರೆ ಕೇಳಿದ ಮೊದಲ ಮಾತೇ, ‘ತಮ್ಮಾ, ಗಾಡಿ ಎಲ್ಲಿ ಓಡಸ್ತೀಯ ಅದನ್ನ ಹೇಳು, ಪ್ಲೇಟ್ ಆಮ್ಯಾಲೆ ನೋಡಾಣ’. ಅವರಿಂದ ತಿಳಿದದ್ದು, ತರಗತಿಯಲ್ಲಿ ಕಲಿತದ್ದು ಸೇರಿಸಿ ಹೇಳುವುದಾದರೆ ಇಷ್ಟು:

ರೀಮ್ಯಾಪ್ ಮಾಡಿದವರಿಂದ ಟಾರ್ಕ್ ಎಷ್ಟೆಂದು ಬರೆಸಿಕೊಳ್ಳಿ. ಡೈನೊ ಯಂತ್ರದ ಚೀಟಿಯಲ್ಲಿರುವುದು ಚಕ್ರದ ಲೆಕ್ಕವೋ ಎಂಜಿನ್ನಿನದೋ ಕೇಳಿ. ಕ್ಲಚ್ ಆರಿಸಲು ಎಂಜಿನ್ನಿನ ಲೆಕ್ಕ ಬೇಕು.

ಕ್ಲಚ್ ಮಾರುವವರು ‘ಸ್ಟೇಜ್ 1, ಸ್ಟೇಜ್ 2’ ಎನ್ನುತ್ತಾರೆ. ಈ ಹೆಸರಿಗೆ ಎಲ್ಲ ಕಂಪನಿಗೂ ಒಪ್ಪಿತವಾದ ಅಳತೆಯಿಲ್ಲ. ಹಿಡಿತ ಎಷ್ಟು ನ್ಯೂಟನ್ ಮೀಟರ್ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಆ ಅಂಗಡಿ ಬಿಡಿ.

ನಡುವೆ ಸ್ಪ್ರಿಂಗ್ ಇರುವ ಪ್ಲೇಟನ್ನೇ ತೆಗೆದುಕೊಳ್ಳಿ. ಆ ಸಣ್ಣ ಸ್ಪ್ರಿಂಗುಗಳು ಡೀಸೆಲ್ ಎಂಜಿನ್ನಿನ ನಡುಕ ಗೇರ್‌ಬಾಕ್ಸಿಗೆ ಹೋಗದಂತೆ ತಡೆಯುತ್ತವೆ. ಸ್ಪ್ರಿಂಗ್ ಇಲ್ಲದ ಪ್ಲೇಟ್ ಟ್ರ್ಯಾಕಿಗೇ ಸರಿ.

ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದು. ಇಳಿಸಿದಾಗ ರಿಲೀಸ್ ಬೇರಿಂಗನ್ನೂ ಬದಲಿಸಿ, ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ನೋಡಿ, ಫ್ಲೈವ್ಹೀಲ್ ಮೈ ಪರೀಕ್ಷಿಸಿ. ಸೀಲ್ ಸೋರಿ ಎಣ್ಣೆ ಬಿದ್ದರೆ ಎಂಥ ದುಬಾರಿ ಪ್ಲೇಟೂ ಜಾರುತ್ತದೆ.

ಹಾಕಿಸಿದ ಮೇಲೆ ಮೊದಲ 500 ಕಿ.ಮೀ. ಅಥವಾ ತಯಾರಕರು ಹೇಳಿದಷ್ಟು ದೂರ ನಿಧಾನವಾಗಿ ಓಡಿಸಿ. ಎರಡು ಮೈಗಳು ಒಂದಕ್ಕೊಂದು ಹೊಂದಿಕೊಳ್ಳಲು ಅಷ್ಟು ಸಮಯ ಬೇಕು.

ಕಾನೂನನ್ನೂ ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನೀಡಿದ ಮೂಲ ವಿವರಕ್ಕೂ ಆರ್‌ಸಿಯಲ್ಲಿನ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅಪ್ಪಣೆಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು 189ನೇ ಸೆಕ್ಷನ್ ಪ್ರಕಾರ ಅಪರಾಧ. ಕೂಡ್ಲಿಗಿ ಮೇಲೆ ಹೋಗುವ ಹೆದ್ದಾರಿ ಎಷ್ಟೇ ನೇರವಿದ್ದರೂ ಅದು ಟ್ರ್ಯಾಕ್ ಅಲ್ಲ. ಅಲ್ಲಿ ಲಾರಿಗಳೂ ಬರುತ್ತವೆ, ಕುರಿಹಿಂಡೂ ಬರುತ್ತದೆ.

ಕೊನೆಗೆ ಅಣ್ಣ ಬಟನ್ ಪ್ಲೇಟ್ ಕೈಬಿಟ್ಟ. ಸ್ವಲ್ಪ ಬಿಗಿ ಸ್ಪ್ರಿಂಗಿನ ಪ್ರೆಶರ್ ಪ್ಲೇಟ್, ಒಳ್ಳೆಯ ಆರ್ಗ್ಯಾನಿಕ್ ಪ್ಲೇಟ್, ಹೊಸ ರಿಲೀಸ್ ಬೇರಿಂಗ್ ಹಾಕಿಸಿದ. ಜೊತೆಗೆ ಕಡಿಮೆ ಆರ್‌ಪಿಎಂನಲ್ಲಿ ಟಾರ್ಕ್ ಒಮ್ಮೆಲೇ ನುಗ್ಗದಂತೆ ರೀಮ್ಯಾಪ್ ಸ್ವಲ್ಪ ಇಳಿಸಿದ. ಪೆಡಲ್ ಹಿಂದಿಗಿಂತ ಗಟ್ಟಿ ಎಂದು ಈಗಲೂ ಗೊಣಗುತ್ತಾನೆ. ಕೊಯಮತ್ತೂರಿನ ಟ್ರ್ಯಾಕ್ ಮೇಲೆ ಒಂದು ದಿನ ಓಡಿಸುವ ಆಸೆಯನ್ನೂ ಬಿಟ್ಟಿಲ್ಲ. ದಾವಣಗೆರೆಯ ಓಡಾಟ ಮಾತ್ರ ತಪ್ಪಿಲ್ಲ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಎಲೆಕ್ಟ್ರಿಕ್ ಕಾರುಗಳಲ್ಲಿ ಬಹುತೇಕ ಕ್ಲಚ್ಚೇ ಇರುವುದಿಲ್ಲ, ಇದನ್ನೇಕೆ ಕಲಿಯಬೇಕು ಎಂದು ಕೆಲವರು ಕೇಳುತ್ತಾರೆ. ಹೊರೆ ಎಷ್ಟು, ಅದಕ್ಕೆ ಎಷ್ಟು ಹೆಚ್ಚುವರಿ ಇಡಬೇಕು, ಬಿಸಿ ಎಲ್ಲಿ ಹೋಗುತ್ತದೆ, ಒಂದು ಭಾಗ ಗಟ್ಟಿ ಮಾಡಿದರೆ ಮುರಿಯುವ ಮುಂದಿನ ಭಾಗ ಯಾವುದು ಎಂಬ ಪ್ರಶ್ನೆಗಳು ಮೋಟರಿಗೂ ಇವೆ, ಬ್ಯಾಟರಿಗೂ ಇವೆ, ಸೇತುವೆಗೂ ಇವೆ. ಸಂದರ್ಶನದಲ್ಲಿ ‘ಯಾವ ಕ್ಲಚ್ ಒಳ್ಳೆಯದು?’ ಎಂದು ಯಾರಾದರೂ ಕೇಳಿದರೆ ಕಂಪನಿಯ ಹೆಸರು ಹೇಳಬೇಡಿ. ಗಾಡಿ ಯಾವುದು, ಎಲ್ಲಿ ಓಡುತ್ತದೆ ಎಂದು ತಿರುಗಿ ಕೇಳಿ.