ವಾರ್ಸಿ ಮನೆತನದ ಕವ್ವಾಲಿ ಮೇಳ

ವಾದ್ಯಮೇಳವಾಗಲಿ ಗಾಯಕಮೇಳವಾಗಲಿ ತನ್ನ ನಾಯಕನ ಆಯುಸ್ಸನ್ನು ಮೀರಿ ಬಾಳುವುದು ಸಂಗೀತಪ್ರಪಂಚದಲ್ಲಿ ವಿರಳ. ಸ್ಪೇನ್ ದೇಶದ ಗಿಟಾರ್ ವಿದ್ವಾಂಸರಾದ ಸೆಲೆಡೋನಿಯೊ ರೊಮೆರೊ ಅವರು 1957ರಲ್ಲಿ ಸ್ವದೇಶವನ್ನು ತೊರೆದು ಕ್ಯಾಲಿಫೋರ್ನಿಯದಲ್ಲಿ ನೆಲಸಿ, 1960ರಲ್ಲಿ ತಮ್ಮ ಮೂವರು ಪುತ್ರರೊಡಗೂಡಿ ಕಟ್ಟಿದ ನಾಲ್ಕು ಗಿಟಾರುಗಳ ಮೇಳವು, 1996ರಲ್ಲಿ ಅವರು ಕಾಲವಾದ ತರುವಾಯವೂ ಮಕ್ಕಳ ಮತ್ತು ಮೊಮ್ಮಕ್ಕಳ ಕೈಯಲ್ಲಿ ಅವಿಚ್ಛಿನ್ನವಾಗಿ ಮುಂದುವರಿದದ್ದು ಅಂಥ ವಿರಳ ನಿದರ್ಶನಗಳಲ್ಲೊಂದು. ಆದರೆ ಕನ್ನಡಿಗರು ಇದಕ್ಕಾಗಿ ಸಮುದ್ರವನ್ನು ದಾಟಬೇಕಾದುದಿಲ್ಲ. ನಮ್ಮ ನೆರೆಯ ಹೈದರಾಬಾದಿನಲ್ಲಿ ಇದಕ್ಕಿಂತಲೂ ದೀರ್ಘವಾದ ಪರಂಪರೆಯುಳ್ಳ ಕುಟುಂಬಮೇಳವೊಂದು ಇಂದಿಗೂ ಹಾಡುತ್ತಿದೆ.

ವಾರ್ಸಿ ಸಹೋದರರೆಂದು ಪ್ರಸಿದ್ಧರಾದ ನಜೀರ್ ಅಹಮದ್ ಖಾನ್ ಮತ್ತು ನಸೀರ್ ಅಹಮದ್ ಖಾನ್ ಇವರು ತಮ್ಮ ವಂಶಮೂಲವನ್ನು ದೆಹಲಿಯ ಕಡೆಯ ಬಾದಶಹ ಬಹಾದುರ್ ಶಹ ಜಫರನ ಆಸ್ಥಾನಗಾಯಕ ತಾನರಸ ಖಾನರವರೆಗೆ ಎಣಿಸುತ್ತಾರೆ. 1857ರ ದಂಗೆಯ ಅನಂತರ ದೆಹಲಿಯ ಆಸ್ಥಾನವೇ ನಿರ್ನಾಮವಾಗಲು, ಅಲ್ಲಿದ್ದ ಕಲಾವಿದರು ದಿಕ್ಕುದಿಕ್ಕಿಗೆ ಚದುರಿಹೋದರು. ತಾನರಸ ಖಾನರು ಕೊನೆಗೆ ನಿಜಾಮರ ಆಶ್ರಯವನ್ನು ಪಡೆದು ಹೈದರಾಬಾದಿಗೆ ಬಂದರು. ಸಹೋದರರ ತಾತಂದಿರಾದ ಅಜೀಜ್ ಅಹಮದ್ ಖಾನ್ ವಾರ್ಸಿ ಅವರು ಪದ್ಮಶ್ರೀ ಪುರಸ್ಕೃತರು. ಮೊಮ್ಮಕ್ಕಳಿಗೆ ಸಂಗೀತ ನಾಟಕ ಅಕಾಡೆಮಿಯ 2014ನೆಯ ಸಾಲಿನ ಪ್ರಶಸ್ತಿ ಸಂದಿತು. ಬಿರುದುಗಳ ವಿಷಯವಾಗಿ ಇಷ್ಟು ಸಾಕು. ನಾವು ವಿಚಾರಿಸಬೇಕಾದುದು ಈ ಮೇಳ ಹೇಗೆ ಉಳಿಯಿತೆಂಬುದನ್ನು.

ಮೊದಲ ಕಾರಣ ದರ್ಗಾ. 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು, ಅದರೊಡನೆ ಅರಮನೆಯ ಆಶ್ರಯವೂ ಅಸ್ತಮಿಸಿತು. ಉರುಸು ಮಾತ್ರ ವರ್ಷವರ್ಷವೂ ತಪ್ಪದೆ ಬಂದಿತು. ಸಂತನ ಸಮಾಧಿಯ ಸನ್ನಿಧಿಯಲ್ಲಿ ಹಾಡುವುದು ಕವ್ವಾಲನ ಪಾಲಿಗೆ ಕಚೇರಿಯಲ್ಲ, ಸೇವೆ. ಅದಕ್ಕೆ ಆಹ್ವಾನದ ಅಪೇಕ್ಷೆಯಿಲ್ಲ, ರಾಜನು ಬದಲಾದುದರಿಂದ ಬಾಧೆಯೂ ಇಲ್ಲ.

ಎರಡನೆಯ ಕಾರಣ ಮೇಳದ ರಚನೆಯಲ್ಲಿಯೇ ಅಡಗಿದೆ. ನಮ್ಮ ಎಣಿಕೆಯಲ್ಲಿ ಇದೇ ಮುಖ್ಯವಾದುದು. ಕವ್ವಾಲಿಯವರು ನೆಲದ ಮೇಲೆ ಎರಡು ಸಾಲಾಗಿ ಕುಳಿತುಕೊಳ್ಳುವುದು ವಾಡಿಕೆ. ಮುಂದಿನ ಸಾಲಿನಲ್ಲಿ ಹಾರ್ಮೋನಿಯಮ್ಮಿನೊಡನೆ ಪ್ರಧಾನ ಗಾಯಕರು. ಹಿಂದಿನ ಸಾಲಿನಲ್ಲಿ ತಬಲ, ಢೋಲಕ್, ಮತ್ತು ಚಪ್ಪಾಳೆಯ ಸಹಗಾಯಕರು. ವಾರ್ಸಿ ಮೇಳದಲ್ಲಿ ಸಹೋದರರಿಬ್ಬರ ಜೊತೆಗೆ ಎಂಟು ಮಂದಿ ಇರುತ್ತಾರೆ. ಪೂರ್ವದಲ್ಲಿ ಸಾರಂಗಿಯಿದ್ದ ಸ್ಥಾನವನ್ನು ಹಾರ್ಮೋನಿಯಮ್ ಆಕ್ರಮಿಸಿದೆ. ಸಾರಂಗಿಯ ಮೀಂಡಿನ ಮಾಧುರ್ಯ ಅದಕ್ಕಿಲ್ಲವೆಂಬುದು ದಿಟವಾದರೂ, ಹಾಡುತ್ತ ಹಾಡುತ್ತಲೇ ತಾನೇ ನುಡಿಸಿಕೊಳ್ಳುವ ಸೌಲಭ್ಯ ಗಾಯಕನಿಗೆ ಸಣ್ಣ ಲಾಭವೇನೂ ಅಲ್ಲ. ಮುಂದಿನವನು ಪಂಕ್ತಿಯೊಂದನ್ನು ಎತ್ತಿಕೊಡುವನು. ಹಿಂದಿನವರು ಅದನ್ನು ಒಕ್ಕೊರಲಿನಿಂದ ಹಿಡಿದು, ಅವನು ಸರಗಮ್ಮಿನಲ್ಲಿಯೋ ತಾನಿನಲ್ಲಿಯೋ ವಿಹರಿಸಿ ಮರಳುವ ಪರ್ಯಂತ ತಾಳ ಸಡಿಲದಂತೆ ಕಾಪಾಡಿಕೊಂಡಿರುವರು. ನಡುವೆ ಅವನು ಬೇರೊಬ್ಬ ಕವಿಯ ಪದ್ಯವನ್ನು ತಂದು ಮೂಲಪಂಕ್ತಿಗೆ ಬೆಸೆಯುವುದುಂಟು. ಇದಕ್ಕೆ ಗಿರಹ್ ಎನ್ನುವರು. ಪಾರಸಿ, ಬ್ರಜ, ಉರ್ದು ಈ ಮೂರು ಭಾಷೆಗಳ ಪದ್ಯರಾಶಿ ಕಂಠಸ್ಥವಾಗಿದ್ದವನಿಗಲ್ಲದೆ ಈ ಬೆಸುಗೆ ಸಾಧ್ಯವಿಲ್ಲ.

ಇನ್ನು ಸಭೆ. ಯಾವ ಪಂಕ್ತಿಗೆ ಯಾವ ಶ್ರೋತೃವಿನ ಕಣ್ಣು ತುಂಬಿತು, ಯಾವನ ಶರೀರ ಕಂಪಿಸಿತು ಎಂಬುದನ್ನು ಕವ್ವಾಲನು ಹಾಡುತ್ತಲೇ ಗಮನಿಸುತ್ತಿರಬೇಕು. ಒಬ್ಬನಿಗೆ ಹಾಲ್ ಬಂದಿತೆಂದರೆ, ಎಂದರೆ ಅವನು ಭಾವಪರವಶನಾದನೆಂದರೆ, ಅವನು ಶಾಂತನಾಗುವವರೆಗೂ ಆ ಪಂಕ್ತಿಯನ್ನು ಬಿಡುವಂತಿಲ್ಲ. ಹತ್ತು ಸಲವಾಗಲಿ ಐವತ್ತು ಸಲವಾಗಲಿ ಅದನ್ನೇ ಹಾಡಬೇಕು. ಈ ಆವರ್ತನವೇ ಹಿಂದಿನ ಸಾಲಿನ ಬಾಲಕನಿಗೆ ಪಾಠಶಾಲೆ. ಆತನು ಮೊದಲು ಚಪ್ಪಾಳೆಯನ್ನೂ, ಆಮೇಲೆ ಪಲ್ಲವಿಯನ್ನೂ, ಅನಂತರ ಹಿರಿಯನು ಎಲ್ಲಿ ಉಸಿರನ್ನು ಕದಿಯುವನೆಂಬುದನ್ನೂ ಸಭೆಯ ಮಧ್ಯದಲ್ಲಿಯೇ ಕಲಿಯುತ್ತಾನೆ. ತಾತನ ಸ್ಥಾನ ತೆರವಾದಾಗ ಅದನ್ನು ತುಂಬಲು ಹೊರಗಿನಿಂದ ಯಾರನ್ನೂ ಕರೆತರಬೇಕಾಗುವುದಿಲ್ಲ; ಹಿಂದೆ ಕುಳಿತವನು ಮುಂದಕ್ಕೆ ಬರುತ್ತಾನೆ. ಆದುದರಿಂದಲೇ ಹಿಂದಿನ ಸಾಲನ್ನು ಕೇವಲ ಪಕ್ಕವಾದ್ಯವೆಂದು ಭಾವಿಸುವವರು ಕವ್ವಾಲಿಯ ಜೀವಸ್ಥಾನವನ್ನೇ ಕಾಣದವರೆಂದು ನಾವು ಹೇಳುತ್ತೇವೆ.

ಈ ಕಲೆ ಕನ್ನಡನಾಡಿಗೆ ಪರಕೀಯವಲ್ಲ. ದೆಹಲಿಯ ನಿಜಾಮುದ್ದೀನ್ ಔಲಿಯಾ ಅವರ ಚಿಶ್ತಿ ಪರಂಪರೆಗೆ ಸೇರಿದ ಬಂದೇ ನವಾಜರು 1400ರ ಸುಮಾರಿಗೆ ಕಲಬುರಗಿಗೆ ಬಂದು, 1422ರಲ್ಲಿ ಅಲ್ಲಿಯೇ ದೇಹವನ್ನು ತ್ಯಜಿಸಿದರು. ಸಂಗೀತಶ್ರವಣವನ್ನು ಅಧ್ಯಾತ್ಮಸಾಧನವೆಂದು ಆದರಿಸಿದ ಮಹನೀಯರು ಅವರು. 1956ರ ತನಕ ಕಲಬುರಗಿ, ಬೀದರ, ರಾಯಚೂರುಗಳ ಜನರಿಗೆ ಹೈದರಾಬಾದೇ ರಾಜಧಾನಿಯಾಗಿತ್ತು. ಆ ನಗರದ ಕವ್ವಾಲಿಯನ್ನು ನಮ್ಮ ನೆರೆಮನೆಯ ಸಂಪತ್ತೆಂದು ಭಾವಿಸಲು ಇಷ್ಟು ಸಂಬಂಧ ಧಾರಾಳವಾಗಿ ಸಾಲುತ್ತದೆ.

ಇಂದು ವಾರ್ಸಿ ಸಹೋದರರ ಗಾಯನ ಧ್ವನಿಮುದ್ರಿಕೆಗಳಲ್ಲಿಯೂ ಸಭಾಭವನಗಳಲ್ಲಿಯೂ ದೊರೆಯುತ್ತದೆ. ಅದು ಸಂತೋಷದ ಸಂಗತಿಯೇ. ಆದರೆ ಗಡಿಯಾರಕ್ಕೆ ಅಧೀನವಾದ ವೇದಿಕೆಯಲ್ಲಿ ಪಂಕ್ತಿಯ ಆವರ್ತನಕ್ಕೆ ಅವಕಾಶ ಕಡಮೆ, ಮುದ್ರಿಕೆಯಲ್ಲಿ ಇನ್ನೂ ಕಡಮೆ. ಹೈದರಾಬಾದಿನಲ್ಲಿ ನೆಲಸಿರುವ ಕನ್ನಡಿಗರೂ ಅಲ್ಲಿಗೆ ಕಾರ್ಯಾರ್ಥವಾಗಿ ಹೋಗುವವರೂ ಉರುಸಿನ ಒಂದು ರಾತ್ರಿಯನ್ನು ಇದಕ್ಕಾಗಿ ಮೀಸಲಿಡಬೇಕೆಂದು ನಮ್ಮ ವಿನಂತಿ. ಹೋದವರು ಸಾಧ್ಯವಾದಷ್ಟು ಸಮೀಪದಲ್ಲಿ ಕುಳಿತು, ಸಂಪ್ರದಾಯದಂತೆ ಕೊನೆಗೆ ಹಾಡುವ ಅಮೀರ್ ಖುಸ್ರೋವಿನ ‘ರಂಗ್’ ಮುಗಿಯುವವರೆಗೆ ಏಳದಿರಲಿ. ಮುಂದಿನ ಸಾಲನ್ನು ಎಲ್ಲರೂ ನೋಡುತ್ತಾರೆ, ಅವರು ಹಿಂದಿನ ಸಾಲಿನ ಹುಡುಗರನ್ನೂ ಗಮನವಿಟ್ಟು ನೋಡಲಿ.