ಕಂಪನಿ ಬದಲಿಸಬಹುದು, ನಂಬರ್?

ದಾವಣಗೆರೆಯ ಸ್ಪೇರ್‌ಪಾರ್ಟ್ಸ್ ಅಂಗಡಿಯಿರಲಿ, ಮೈಸೂರಿನ ಹಲ್ಲಿನ ಕ್ಲಿನಿಕ್ ಇರಲಿ, ಮೇಜಿನ ಮೇಲಿನ ಫೋನಿಗೆ ಈಗ ತಾಮ್ರದ ತಂತಿ ಬರುವುದು ಕಡಿಮೆ. ಇಂಟರ್ನೆಟ್‌ಗೆಂದು ಎಳೆಸಿದ ಫೈಬರ್‌ನ ಪೆಟ್ಟಿಗೆಗೇ ಫೋನ್ ಸಿಕ್ಕಿಸಿದರೆ ಆಯಿತು. ಹೀಗಿರುವಾಗ ಬೇರೆ ಕಂಪನಿಯ ಹುಡುಗ ಬಂದು ಕಡಿಮೆ ದರ ಹೇಳಿದರೆ ಬದಲಿಸುವ ಮನಸ್ಸಾಗುವುದು ಸಹಜ. ಬದಲಿಸಿ, ತಪ್ಪೇನಿಲ್ಲ. ಆದರೆ ದರಕ್ಕಿಂತ ಮೊದಲು ನಂಬರಿನ ಮಾತಾಡಿ. ಎಡವಟ್ಟುಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲೇ.

“ನಂಬರ್ ಹಾಗೇ ಉಳಿಯುತ್ತೆ ಸಾರ್, ಪೋರ್ಟ್ ಮಾಡಿಸಿಕೊಡ್ತೀವಿ”

ಮೊಬೈಲ್ ನಂಬರ್ ಆದರೆ ಈ ಮಾತು ನಿಜ. 2010ರ ನವೆಂಬರ್‌ನಲ್ಲಿ ಹರಿಯಾಣದಲ್ಲಿ ಶುರುವಾದ ಪೋರ್ಟಿಂಗ್ 2011ರ ಜನವರಿ 20ರಿಂದ ದೇಶಕ್ಕೆಲ್ಲ ಬಂತು. 2015ರ ಜುಲೈನಿಂದ ಬೇರೆ ರಾಜ್ಯಕ್ಕೆ ಹೋದರೂ ನಂಬರ್ ಕೊಂಡೊಯ್ಯಬಹುದು. ಲ್ಯಾಂಡ್‌ಲೈನ್ ನಂಬರಿಗೆ ಮಾತ್ರ ಭಾರತದಲ್ಲಿ ಈ ಸೌಲಭ್ಯ ಇಲ್ಲ. ಅದು ಫೈಬರ್ ಮೇಲೆ ಓಡುತ್ತಿದ್ದರೂ ಇಲ್ಲ.

ಕಾರಣ ನಂಬರಿನೊಳಗೇ ಕೂತಿದೆ. ಹುಬ್ಬಳ್ಳಿಯ 0836 ಆದಮೇಲೆ 2 ಬಂದರೆ ಅದು ಬಿಎಸ್ಎನ್ಎಲ್, 4 ಬಂದರೆ ಏರ್‌ಟೆಲ್. ಆ ಅಂಕಿ ನೋಡಿಯೇ ಕರೆ ಯಾವ ಕಂಪನಿಯ ಎಕ್ಸ್‌ಚೇಂಜಿಗೆ ಹೋಗಬೇಕೆಂಬುದು ತೀರ್ಮಾನವಾಗುತ್ತದೆ. ಮೊಬೈಲಿನಲ್ಲೂ ಮೊದಲು ಹೀಗೆಯೇ ಇತ್ತು. ಯಾವ ನಂಬರ್ ಈಗ ಯಾರ ಬಳಿ ಇದೆ ಎಂದು ನೋಡಿ ಹೇಳುವ ಒಂದು ಕೇಂದ್ರ ದಾಖಲೆ ಬಂದಮೇಲೆ ಆ ಗಂಟು ಬಿಚ್ಚಿತು. ಲ್ಯಾಂಡ್‌ಲೈನಿಗೆ ಅಂಥ ಏರ್ಪಾಡು ಆಗಲೇ ಇಲ್ಲ.

ಅಮೆರಿಕದಲ್ಲಿ ಹೋಟೆಲೋ ಕ್ಲಿನಿಕ್ಕೋ ನಡೆಸುವ ನೆಂಟರು “ಅದೇನು ಮಹಾ, ಪೋರ್ಟ್ ಮಾಡಿಸು” ಎಂದರೆ ಅವರು ಸುಳ್ಳು ಹೇಳುತ್ತಿಲ್ಲ. ಅಲ್ಲಿ ನಡೆದದ್ದು ನಮ್ಮಲ್ಲಿಗಿಂತ ಉಲ್ಟಾ. 1996ರ ಟೆಲಿಕಾಂ ಕಾಯ್ದೆ ಲ್ಯಾಂಡ್‌ಲೈನಿಗೇ ಮೊದಲು ಈ ಹಕ್ಕು ಕೊಟ್ಟಿತು, ಮೊಬೈಲಿನ ಸರದಿ ಬಂದದ್ದು 2003ರ ನವೆಂಬರಿನಲ್ಲಿ. ಇಂಟರ್ನೆಟ್ಟಿನಲ್ಲಿ ಓದಲು ಸಿಗುವ ಸಲಹೆಗಳಲ್ಲಿ ಬಹಳಷ್ಟು ಆ ದೇಶದವು, ಇಲ್ಲಿಗೆ ಒಗ್ಗುವುದಿಲ್ಲ.

ಹಾಗಾದರೆ ದಾರಿ? ಈಗಿರುವ ಕಂಪನಿಯಲ್ಲೇ ತಾಮ್ರದಿಂದ ಫೈಬರಿಗೆ ಹೋಗುವುದಾದರೆ ಹಳೆಯ ನಂಬರ್ ಉಳಿಸಿಕೊಡುತ್ತೀರಾ ಎಂದು ಕೇಳಿ. ಬಿಎಸ್ಎನ್ಎಲ್ ಹೀಗೆ ಮಾಡಿಕೊಡುತ್ತದೆ. ಕಂಪನಿಯೇ ಬೇರೆಯಾದರೆ ಹಳೆಯ ಲೈನನ್ನು ಅತಿ ಅಗ್ಗದ ಪ್ಲಾನಿಗೆ ಇಳಿಸಿ ಕೆಲವು ತಿಂಗಳು ಜೀವಂತ ಇಟ್ಟು, ಬರುವ ಕರೆಗಳನ್ನು ಹೊಸ ನಂಬರಿಗೆ ಫಾರ್ವರ್ಡ್ ಮಾಡಿ. ಈ ಖರ್ಚನ್ನು ಹೊಸ ದರದ ಲೆಕ್ಕಕ್ಕೆ ಸೇರಿಸಿದ ಮೇಲೂ ಉಳಿತಾಯ ಕಂಡರೆ ಮುಂದುವರಿಯಿರಿ. ಅಷ್ಟರೊಳಗೆ ಬೋರ್ಡು, ಬಿಲ್ ಬುಕ್ಕು, ಗೂಗಲ್ ಮ್ಯಾಪಿನ ವಿವರ ಎಲ್ಲ ತಿದ್ದಿಸಬೇಕು. ವಾಟ್ಸಾಪ್ ಬಿಸಿನೆಸ್ ಅನ್ನು ಲ್ಯಾಂಡ್‌ಲೈನ್ ನಂಬರಿನಲ್ಲಿ ನೋಂದಾಯಿಸಿದವರಂತೂ ಮೊದಲು ಆ್ಯಪಿನೊಳಗೇ ನಂಬರ್ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಮುಂದೆ ಹೊಸ ಹ್ಯಾಂಡ್‌ಸೆಟ್ ಕೊಂಡ ದಿನ ಪರಿಶೀಲನೆಯ ಕರೆ ಸತ್ತ ಲೈನಿಗೆ ಹೋಗುತ್ತದೆ.

“ಹಳೆಯದನ್ನು ಮೊದಲು ಕ್ಯಾನ್ಸಲ್ ಮಾಡಿಸಿಬಿಡೋಣ”

ಎರಡೆರಡು ಬಿಲ್ ಯಾಕೆ ಎಂಬ ಲೆಕ್ಕಾಚಾರ ಇದು. ಮೊಬೈಲ್ ನಂಬರಿಗೆ ಇದೇ ಮುಳುವು, ಏಕೆಂದರೆ ಬಂದ್ ಆದ ನಂಬರ್ ಪೋರ್ಟ್ ಆಗುವುದಿಲ್ಲ. ಚಾಲ್ತಿಯಲ್ಲಿರುವಾಗಲೇ 1900ಕ್ಕೆ ಮೆಸೇಜ್ ಹಾಕಿ ಯುಪಿಸಿ ಎಂಬ ಎಂಟು ಅಕ್ಷರಗಳ ಸಂಕೇತ ತರಿಸಿಕೊಳ್ಳಬೇಕು. ಕರ್ನಾಟಕದಲ್ಲಿ ಅದರ ಆಯಸ್ಸು ನಾಲ್ಕು ದಿನ. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು, ಪೋಸ್ಟ್‌ಪೇಯ್ಡ್ ಆಗಿದ್ದರೆ ಬಾಕಿ ಚುಕ್ತಾ ಆಗಿರಬೇಕು. ಸಿಮ್ ಕಳೆದು ಹೊಸದು ಹಾಕಿಸಿಕೊಂಡಿದ್ದರೆ ಏಳು ದಿನ ಯುಪಿಸಿ ಸಿಗದು. ವಂಚನೆ ತಡೆಯಲು 2024ರ ಜುಲೈನಲ್ಲಿ ಬಂದ ನಿಯಮ ಇದು. ಒಂದೇ ರಾಜ್ಯದೊಳಗಿನ ಸಾಮಾನ್ಯ ನಂಬರಿಗೆ ಮೂರು ಕೆಲಸದ ದಿನ, ಸಂಸ್ಥೆಯ ಹೆಸರಿನ ಕಾರ್ಪೊರೇಟ್ ನಂಬರಿಗೆ ಐದು ದಿನ ಹಿಡಿಯುತ್ತದೆ.

ಕಾರ್ಪೊರೇಟ್ ನಂಬರಿಗೆ ಸಂಸ್ಥೆಯ ಅಧಿಕೃತ ಸಹಿದಾರರ ಪತ್ರವೂ ಬೇಕು. ನಮ್ಮ ಸಣ್ಣ ವ್ಯಾಪಾರಗಳಲ್ಲಿ ಗಾಡಿ ನಿಲ್ಲುವುದು ಇಲ್ಲಿಯೇ. ಅಂಗಡಿಯ ನಂಬರ್ ತೀರಿಕೊಂಡ ತಂದೆಯ ಹೆಸರಲ್ಲಿರುತ್ತದೆ, ಇಲ್ಲವೇ ಯಾವತ್ತೋ ಕೆಲಸ ಬಿಟ್ಟು ಹೋದ ಮ್ಯಾನೇಜರ್ ಹೆಸರಲ್ಲಿ. ಮೊದಲು ಹೆಸರು ಸರಿಪಡಿಸಿಕೊಂಡು ಆಮೇಲೆ ಕಂಪನಿ ಬದಲಿಸಿ. ಇನ್ನೊಂದು ಮಾತು: ಬಂದ್ ಆದ ಮೊಬೈಲ್ ನಂಬರನ್ನು 90 ದಿನ ಕಳೆದಮೇಲೆ ಬೇರೆಯವರಿಗೆ ಕೊಡಬಹುದು. ಬ್ಯಾಂಕಿನಲ್ಲೂ ಜಿಎಸ್‌ಟಿ ಪೋರ್ಟಲ್ಲಿನಲ್ಲೂ ಅದೇ ನಂಬರ್ ಉಳಿದಿದ್ದರೆ ನಿಮ್ಮ ಒಟಿಪಿ ಯಾರ ಕೈ ಸೇರುತ್ತದೋ.

“ಸ್ಪೀಡ್ ನೂರು ಎಂಬಿಪಿಎಸ್ ಇದೆ, ಧ್ವನಿ ತಾನಾಗಿ ಚೆನ್ನಾಗಿರುತ್ತೆ”

ಒಂದು ಕರೆಗೆ ಬೇಕಾದ್ದು ಹೆಚ್ಚೆಂದರೆ ನೂರು ಕೆಬಿಪಿಎಸ್ ಅಷ್ಟೆ. ಧ್ವನಿ ಕೆಡುವುದು ಸ್ಪೀಡ್ ಸಾಲದೆ ಅಲ್ಲ, ಧ್ವನಿ ಹೊತ್ತ ಡೇಟಾ ಪೊಟ್ಟಣಗಳು ತಡವಾಗಿ, ಹಿಂದುಮುಂದಾಗಿ ಬರುವುದರಿಂದ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ದಾಟದಿದ್ದರೆ ಮಾತು ಸರಾಗ. ಫೈಬರ್ ಕಂಪನಿಯವರೇ ಕೊಡುವ ಲ್ಯಾಂಡ್‌ಲೈನಿನ ಧ್ವನಿಗೆ ಅವರ ಜಾಲದಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ದಾರಿ ಇರುತ್ತದೆ. ಇನ್ನೊಂದು ಕಂಪನಿಯ, ಇಂಟರ್ನೆಟ್ ಮೇಲೆಯೇ ನಡೆಯುವ ಕ್ಲೌಡ್ ಫೋನನ್ನು ಆ್ಯಪಿನಲ್ಲಿ ಓಡಿಸಿದರೆ ಆ ಭಾಗ್ಯವಿಲ್ಲ. ಅಂಗಡಿಯ ಸಿಸಿಟಿವಿ ದಿನವಿಡೀ ವಿಡಿಯೊ ಮೇಲಕ್ಕೆ ಕಳಿಸುತ್ತಿರುವ ಅದೇ ದಾರಿಯಲ್ಲಿ ನಿಮ್ಮ ಮಾತೂ ನುಸುಳಬೇಕು. ಅಪ್‌ಲೋಡ್ ಎಷ್ಟೆಂದು ಕೇಳಿ. ರೂಟರಿನಲ್ಲಿ ಕರೆಗೆ ಆದ್ಯತೆ ಕೊಡಿಸಿ. ಕರೆ ಬಂದೂ ಒಂದು ಕಡೆಯ ಧ್ವನಿ ಕೇಳದಿದ್ದರೆ ರೂಟರಿನ ‘ಸಿಪ್ ಎಎಲ್‌ಜಿ’ ಎಂಬ ಸೆಟ್ಟಿಂಗ್ ಆಫ್ ಮಾಡಿಸಿ ನೋಡಿ.

“ಲ್ಯಾಂಡ್‌ಲೈನ್ ತಾನೆ, ಕರೆಂಟ್ ಹೋದರೂ ನಡೆಯುತ್ತೆ”

ನಡೆಯುತ್ತಿದ್ದುದು ತಾಮ್ರದ ಕಾಲದಲ್ಲಿ. ಎಕ್ಸ್‌ಚೇಂಜಿನ ಬ್ಯಾಟರಿಯ 48 ವೋಲ್ಟ್ ತಂತಿಯಲ್ಲೇ ಬರುತ್ತಿತ್ತು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯದು, ಫೈಬರ್ ಪೆಟ್ಟಿಗೆಗೆ ನಿಮ್ಮ ಅಂಗಡಿಯ ಕರೆಂಟೇ ಬೇಕು. ರೂಟರಿಗೆಂದೇ ಸಿಗುವ ಚಿಕ್ಕ ಯುಪಿಎಸ್ ಸಾಕಾದೀತು. ಊರಿನ ಕೇಬಲ್‌ನವರಿಂದ ಲೈನ್ ಪಡೆಯುವುದಾದರೆ ಕಂಬದ ಮೇಲಿನ ಅವರ ಪೆಟ್ಟಿಗೆಗೂ ಬ್ಯಾಟರಿ ಇದೆಯೇ ಎಂದು ಕೇಳಬೇಕು. ಅದು ಆರಿದರೆ ನಿಮ್ಮ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ.

“ಹಳೆ ಫೋನುಗಳನ್ನೆಲ್ಲ ಎಸೆಯಬೇಕು”

ಬೇಡ. ಹಳೆಯ ಫೋನು, ಇಂಟರ್‌ಕಾಮ್ ಪೆಟ್ಟಿಗೆಗಳನ್ನು ಅಡಾಪ್ಟರ್ ಇಟ್ಟು ಹೊಸ ಲೈನಿಗೆ ಜೋಡಿಸಬಹುದು. ಕಂಪನಿಯಿಂದಲೇ ಕೊಂಡ ಐಪಿ ಫೋನಾದರೆ ಬೇರೆಯವರ ಲೈನಿಗೆ ಒಗ್ಗದಂತೆ ಲಾಕ್ ಆಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

“ಕಂಪನಿ ಬದಲಿಸಿದರೆ ಹಳೆಯ ದೂರುಗಳು ಮುಗಿದವು”

ಸೈಟು, ಕೋಚಿಂಗ್, ಸಾಲ ಎಂದು ಮಾಮೂಲಿ ನಂಬರಿನಿಂದ ಊರಿಗೆಲ್ಲ ಪ್ರಚಾರದ ಕರೆ ಮಾಡಿ ದೂರು ಮೈಮೇಲೆ ಎಳೆದುಕೊಂಡವರು ಹೂಡುವ ಉಪಾಯ ಇದು. 2024ರ ಆಗಸ್ಟ್‌ನಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಇದಕ್ಕೆ ಬೀಗ ಹಾಕಿತು. ನೋಂದಣಿ ಇಲ್ಲದೆ ಇಂಥ ಕರೆ ಮಾಡಿದವರ ಲೈನುಗಳೆಲ್ಲ ಎರಡು ವರ್ಷದವರೆಗೆ ಕಡಿತ ಎಂದು ಆಗ ಆದೇಶಿಸಿತು. ಕಪ್ಪುಪಟ್ಟಿಯ ವಿವರ 24 ಗಂಟೆಯೊಳಗೆ ಉಳಿದ ಕಂಪನಿಗಳಿಗೂ ಹೋಗಬೇಕು, ಅವರೂ ಲೈನ್ ಕಡಿಯಬೇಕು ಎಂದೂ ಹೇಳಿತು. ಪ್ರಚಾರದ ಕರೆಗೆಂದೇ 140ರಿಂದ ಶುರುವಾಗುವ ನಂಬರುಗಳಿವೆ.

“ಕನೆಕ್ಷನ್ ಯಾರ ಹೆಸರಲ್ಲಿದ್ದರೇನು”

ಫೋನ್ ಬಿಲ್ಲಿನ ಮೇಲೆ ಶೇಕಡಾ 18 ಜಿಎಸ್‌ಟಿ ಇದೆ. ನೋಂದಾಯಿತ ವ್ಯಾಪಾರಿಗೆ ಅದು ಇನ್‌ಪುಟ್ ಕ್ರೆಡಿಟ್ಟಾಗಿ ಮರಳಿ ಸಿಗುತ್ತದೆ, ಬಿಲ್ಲಿನಲ್ಲಿ ಅವರ ಜಿಎಸ್‌ಟಿ ನಂಬರ್ ಇದ್ದರೆ. ಕಾಂಪೊಸಿಷನ್ ಸ್ಕೀಮಿನವರಿಗೆ ಈ ಕ್ರೆಡಿಟ್ ಹೇಗೂ ಇಲ್ಲ, ಅವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಉಳಿದವರು ಅರ್ಜಿ ತುಂಬುವ ಹುಡುಗನ ಕೈಗೆ ಆಧಾರ್ ಕೊಡುವಾಗ ಜಿಎಸ್‌ಟಿ ಸರ್ಟಿಫಿಕೇಟಿನ ನಕಲನ್ನೂ ಕೊಟ್ಟು, ಮೊದಲ ಬಿಲ್ ಬಂದಾಗ ಆ ನಂಬರ್ ಅದರಲ್ಲಿದೆಯೇ ಎಂದು ನೋಡಿ.