ಮಾತು ಕಲಿಸುವ ಮೇಷ್ಟ್ರು

‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ನನ್ನ ನೆಚ್ಚಿನ ಗುರುವೃಂದದವರೇ, ಪ್ರೀತಿಯ ಸಹಪಾಠಿಗಳೇ...’ ಪ್ರತಿಭಾ ಕಾರಂಜಿಯ ಭಾಷಣ ಸ್ಪರ್ಧೆಯಲ್ಲಿ ಅರ್ಧ ದಿನ ಕೂತವರಿಗೆ ಈ ಸಾಲು ತಾನಾಗಿಯೇ ಬಾಯಿಗೆ ಬಂದಿರುತ್ತದೆ. ರಾಮನಗರವಾಗಲಿ ಮಾಗಡಿಯಾಗಲಿ, ಕ್ಲಸ್ಟರ್ ಮಟ್ಟವಾಗಲಿ ಜಿಲ್ಲಾ ಮಟ್ಟವಾಗಲಿ, ಮಗು ಮೈಕಿನ ಮುಂದೆ ನಿಂತು ಬರೆದುಕೊಟ್ಟಿದ್ದನ್ನು ಗಡಗಡನೆ ಒಪ್ಪಿಸುತ್ತದೆ. ಕೈ ಎತ್ತು ಎಂದು ಹೇಳಿಕೊಟ್ಟ ಕಡೆ ಕೈ ಮೇಲೇಳುತ್ತದೆ. ಮೂಲೆಯಲ್ಲಿ ನಿಂತ ಟೀಚರ ತುಟಿಯೂ ಮಗುವಿನ ತುಟಿಯ ಜೊತೆಗೇ ಆಡುತ್ತಿರುತ್ತದೆ. ನಡುವೆ ಒಂದು ಪದ ಮರೆತರೆ ಮುಗಿಯಿತು, ಮುಂದಿನದೆಲ್ಲ ಖಾಲಿ. ಕಣ್ಣಲ್ಲಿ ನೀರು ತುಂಬಿಕೊಂಡು ಮಗು ಕೆಳಗಿಳಿಯುತ್ತದೆ. ಅದರ ತಪ್ಪು ಏನೂ ಇಲ್ಲ. ಅದಕ್ಕೆ ಭಾಷಣವನ್ನು ಕೊಟ್ಟಿದ್ದರು, ಮಾತನ್ನು ಯಾರೂ ಕಲಿಸಿರಲಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಖಾಸಗಿ ಶಾಲೆಗಳಿಗೆ ಈ ಕೊರತೆ ಗೊತ್ತಿಲ್ಲವೆಂದಲ್ಲ. ಪ್ರವೇಶದ ಕರಪತ್ರಗಳಲ್ಲಿ ‘ಪಬ್ಲಿಕ್ ಸ್ಪೀಕಿಂಗ್’, ‘ಕಮ್ಯುನಿಕೇಷನ್ ಸ್ಕಿಲ್ಸ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ. ದೊಡ್ಡ ನಗರಗಳ ಶಾಲೆಗಳಲ್ಲಾದರೆ ಟ್ರಿನಿಟಿ ಕಾಲೇಜ್ ಲಂಡನ್ನಿನಂಥ ಸಂಸ್ಥೆಗಳ ನಾಟಕದ ಪರೀಕ್ಷೆಗೇ ಮಕ್ಕಳನ್ನು ಕೂರಿಸುವುದುಂಟು. ಅದೂ ಒಳ್ಳೆಯದೇ. ಆದರೆ ಈ ಸೀಮೆಯಲ್ಲಿ ಮಾತು ಕಲಿಸುವುದನ್ನೇ ಕಸುಬು ಮಾಡಿಕೊಂಡವರು ತಲೆಮಾರುಗಳಿಂದ ಇದ್ದಾರೆ. ಯಾವ ಶಾಲೆಯ ಸಿಬ್ಬಂದಿ ಪಟ್ಟಿಯಲ್ಲೂ ಅವರ ಹೆಸರು ಸಿಗುವುದು ಅಪರೂಪ. ಊರಿನವರು ಅವರನ್ನು ಡ್ರಾಮಾ ಮೇಷ್ಟ್ರು ಅನ್ನುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ಅನ್ನುತ್ತಾರೆ.

ಹಳೇ ಮೈಸೂರಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಗೀಳು ಎಂಥದ್ದೆಂದು ಹೇಳಬೇಕಾಗಿಲ್ಲ. ಕುರುಕ್ಷೇತ್ರ, ದಕ್ಷಯಜ್ಞ, ಶನಿಪ್ರಭಾವ, ಸಂಪೂರ್ಣ ರಾಮಾಯಣ. ಬೆಳಿಗ್ಗೆ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಿ ಬಂದವನು ರಾತ್ರಿ ದುರ್ಯೋಧನ. ಚನ್ನಪಟ್ಟಣದಲ್ಲಿ ಮರದ ಗೊಂಬೆಗೆ ಅರಗು ಹಚ್ಚುವವನು ವಿದುರ. ಪಾತ್ರಕ್ಕೆ ದುಡ್ಡು ಕೊಡುವವರೂ ಅವರೇ. ಕೃಷ್ಣ, ದುರ್ಯೋಧನ, ಭೀಮ ಇವುಗಳಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಆ ಹಣದಲ್ಲಿ ಸೀನರಿ, ಡ್ರೆಸ್ಸು, ಮೇಕಪ್ಪು, ಲೈಟು, ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ, ಮೇಷ್ಟ್ರ ಸಂಬಳ ಎಲ್ಲವೂ ನಡೆಯಬೇಕು. ಕಲಿಯುವುದಕ್ಕೆ ಕೈಯಿಂದ ಹಣ ಹಾಕಿ, ದಿನವಿಡೀ ದುಡಿದು, ರಾತ್ರಿ ಊಟ ಮುಗಿಸಿ ದೇವಸ್ಥಾನದ ಜಗುಲಿಗೋ ಶಾಲೆಯ ಪಡಸಾಲೆಗೋ ಬಂದು ಕೂರುವ ಇಂಥ ವಿದ್ಯಾರ್ಥಿಗಳು ಯಾವ ಮೇಷ್ಟ್ರಿಗೆ ಸಿಗುತ್ತಾರೆ?

ಆ ತಾಲೀಮನ್ನು ಹತ್ತಿರದಿಂದ ನೋಡಬೇಕು. ಮೊದಲ ಕೆಲವು ವಾರ ಅಭಿನಯದ ಮಾತೇ ಇಲ್ಲ. ಪ್ರತಿಯೊಬ್ಬರೂ ತಮ್ಮ ಪಾತ್ರವನ್ನು ನೋಟ್‌ಬುಕ್ಕಿಗೆ ಕೈಯಾರೆ ಬರೆದುಕೊಳ್ಳಬೇಕು. ಆಮೇಲೆ ಶ್ರುತಿ. ಮೇಷ್ಟ್ರು ಹಾರ್ಮೋನಿಯಂ ಮೇಲೆ ಕೈಯಿಟ್ಟು ಈ ಗಂಟಲಿಗೆ ಬಿಳಿ ನಾಲ್ಕೋ ಕರಿ ಎರಡೋ ಎಂದು ಗೊತ್ತುಮಾಡುತ್ತಾರೆ. ಅದಾದ ಮೇಲೆ ಉಚ್ಚಾರ. ಈ ಭಾಗದ ಆಡುಮಾತಿನಲ್ಲಿ ಹಕಾರ ಸಲೀಸಾಗಿ ಉದುರಿಹೋಗುತ್ತದೆ, ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ. ಮನೆಯಲ್ಲಿ, ಹೊಲದಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ, ಅದು ಆ ನೆಲದ ಮಾತಿನ ಚೆಲುವೇ. ಆದರೆ ಸಭಾಪರ್ವದ ಮಾತಿಗೆ ಬೇರೆ ಬಿಗಿ ಬೇಕು. ‘ಗೌಡ್ರೇ, ಬೀಮ ಅಲ್ಲ, ಭೀಮ. ಹೊಟ್ಟೆಯಿಂದ ಬರ್ಲಿ. ಇನ್ನೊಂದ್ ಸಲ ಹೇಳಿ.’ ಐವತ್ತು ದಾಟಿದ ಮನುಷ್ಯ ಸಂಕೋಚವಿಲ್ಲದೆ ಇನ್ನೊಂದು ಸಲ ಹೇಳುತ್ತಾನೆ. ಅಂಗೈಯನ್ನು ಬಾಯಿಯ ಹತ್ತಿರ ಹಿಡಿದು ನೋಡಿದರೆ ‘ಭ’ ಅಂದಾಗ ಉಸಿರು ತಗಲುವುದು ಗೊತ್ತಾಗುತ್ತದೆ. ವ್ಯಾಕರಣದ ಪುಸ್ತಕದಲ್ಲಿ ಮಹಾಪ್ರಾಣ ಓದಿದ ಎಷ್ಟೋ ಮಕ್ಕಳಿಗೆ ಈ ಅನುಭವವೇ ಆಗಿರುವುದಿಲ್ಲ.

ಇನ್ನು ಉಸಿರಿನ ಲೆಕ್ಕ. ನಾಲ್ಕು ಸಾಲು ಹಿಡಿಯುವ ಒಂದು ಮಾತನ್ನು ಎಲ್ಲಿ ಒಡೆಯಬೇಕು, ಎಲ್ಲಿ ಉಸಿರು ಎಳೆದುಕೊಂಡರೆ ಕೇಳುವವರಿಗೆ ಗೊತ್ತಾಗುವುದಿಲ್ಲ, ಕಂದ ಹಾಡಿ ಮಾತಿಗಿಳಿಯುವಾಗ ಶ್ರುತಿ ಜಾರದಂತೆ ನೋಡಿಕೊಳ್ಳುವುದು ಹೇಗೆ, ಎದುರಿನ ಪಾತ್ರ ಮಾತಾಡುವಾಗ ಸುಮ್ಮನೆ ನಿಂತು ಕೇಳುವುದು ಹೇಗೆ. ಕಡೆಯದೇ ಎಲ್ಲಕ್ಕಿಂತ ಕಷ್ಟ. ತನ್ನ ಸರದಿಗೆ ಕಾಯುವವನು ಕೇಳುತ್ತಿರುವುದಿಲ್ಲ ಎಂಬುದು ಒಳ್ಳೆಯ ಮೇಷ್ಟ್ರಿಗೆ ಕೂಡಲೇ ಗೊತ್ತಾಗುತ್ತದೆ. ಎದುರಾಳಿಯ ಮಾತನ್ನು ಇವನ ಕೈಲೇ ಹೇಳಿಸುತ್ತಾರೆ. ಚರ್ಚಾಸ್ಪರ್ಧೆಗೆ ಹೋಗುವ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ?

ಈ ಪದ್ಧತಿಗೆ ಮಿತಿಗಳಿವೆ, ಅವನ್ನು ಮುಚ್ಚಿಡಬಾರದು. ಮೇಷ್ಟ್ರು ಹೇಳಿಕೊಟ್ಟ ಧಾಟಿಯನ್ನೇ ಅನುಕರಿಸುವುದು ಇದರ ಜೀವಾಳ. ಹತ್ತು ದುರ್ಯೋಧನರು ಒಂದೇ ರೀತಿ ನಗುತ್ತಾರೆ. ದನಿ ಸದಾ ಏರಿಯೇ ಇರುತ್ತದೆ. ಹೆಣ್ಣುಮಕ್ಕಳಿಗೆ ಬಹುಕಾಲ ಜಗುಲಿಯ ಮೇಲೆ ಜಾಗವಿರಲಿಲ್ಲ. ಈಗೀಗ ಮಹಿಳೆಯರೇ ಸೇರಿ ಕುರುಕ್ಷೇತ್ರ ಆಡುವ ತಂಡಗಳು ಬಂದಿರುವುದು ನನಗಂತೂ ತುಂಬ ಸಂತೋಷದ ಸಂಗತಿ. ಶಾಲೆಯಲ್ಲಾದರೆ ಈ ಕಟ್ಟು ಮೊದಲೇ ಇಲ್ಲ. ಎಂಟನೇ ಕ್ಲಾಸಿನ ಹುಡುಗಿ ಭೀಮನಾಗಲು ಯಾರ ಅಪ್ಪಣೆ ಬೇಕು?

ಕಂಪನಿ ನಾಟಕದ ಕಸುಬನ್ನು ಶಾಲೆಯ ತರಗತಿಗೆ ತರುವುದು ಸಾಧ್ಯವೇ ಎಂಬುದಕ್ಕೆ ಉತ್ತರವನ್ನು ನಮ್ಮವರೊಬ್ಬರು ಹಿಂದೆಯೇ ಕೊಟ್ಟಿದ್ದಾರೆ. ಬಿ.ವಿ. ಕಾರಂತರು (1929–2002) ಹುಡುಗರಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು. ಬಣ್ಣ, ಹಾಡು, ಮಾತು ಕಲಿತದ್ದು ಅಲ್ಲೇ. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿದರು. ಅಲ್ಲಿಂದ ಹೊರಬಂದು 1969ರಿಂದ 1972ರವರೆಗೆ ಅವರು ಮಾಡಿದ್ದು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯವೆಂಬ ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಕೆಲಸ. ಕಾರಂತರ ದೊಡ್ಡ ನಾಟಕಗಳ ಬಗ್ಗೆ, ರಂಗಾಯಣದ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಈ ಮೂರು ವರ್ಷದ ಮೇಷ್ಟ್ರಿಕೆಯ ಬಗ್ಗೆ ಮಾತಾಡುವುದು ಕಡಿಮೆ. ಟಾಗೋರರ ಗಿಣಿಯ ಕತೆಯನ್ನು ಆಧರಿಸಿ ಅವರು ಮಕ್ಕಳಿಗಾಗಿ ರಚಿಸಿದ ‘ಪಂಜರ ಶಾಲೆ’, ಪುಸ್ತಕದ ಹಾಳೆಗಳನ್ನೇ ತಿನ್ನಿಸಿ ಹಕ್ಕಿಯನ್ನು ಪಂಡಿತನನ್ನಾಗಿ ಮಾಡಹೊರಟವರ ಕತೆ, ಈಗಲೂ ಶಾಲೆಗಳಲ್ಲಿ ಆಡುವುದಕ್ಕೆ ಹೇಳಿ ಮಾಡಿಸಿದಂತಿದೆ. ಅವರ ಪತ್ನಿ ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ನಾಟಕ ಕೇಂದ್ರ ಕಟ್ಟಿ ‘ಅಳಿಲು ರಾಮಾಯಣ’ ಆಡಿಸಿದರು. ಮಕ್ಕಳ ರಂಗಭೂಮಿ ದೊಡ್ಡವರ ರಂಗಭೂಮಿಯ ಬಾಲವಲ್ಲ ಎಂಬುದನ್ನು ಕನ್ನಡಕ್ಕೆ ತೋರಿಸಿಕೊಟ್ಟವರಲ್ಲಿ ಅವರೂ ಒಬ್ಬರು.

ಇಂಗ್ಲೆಂಡಿನ ಡೊರೊಥಿ ಹೀತ್‌ಕೋಟ್ (1926–2011) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೇಷ್ಟ್ರೇ ಪಾತ್ರವಾಗಿ ತರಗತಿಯೊಳಕ್ಕೆ ಬರುವ ಕ್ರಮವನ್ನು ರೂಢಿಸಿದರು. ನಮ್ಮ ಕಡೆ ಅದನ್ನು ಹೀಗೆ ಮಾಡಬಹುದು: ಟೀಚರು ಕೆರೆ ಒತ್ತುವರಿ ಮಾಡಿದ ಸಾಹುಕಾರನಾಗಿ ಒಳಗೆ ಬರಲಿ, ಏಳನೇ ಕ್ಲಾಸು ಊರಿನ ಗ್ರಾಮಸಭೆಯಾಗಲಿ. ಆಗ ಮಕ್ಕಳ ಮುಂದೆ ಬರೆದುಕೊಟ್ಟ ಹಾಳೆ ಇರುವುದಿಲ್ಲ, ಹೇಳಲೇಬೇಕಾದ ಮಾತು ಇರುತ್ತದೆ. ಮೇಷ್ಟ್ರಿಂದ ಉಸಿರು, ಉಚ್ಚಾರ, ಕೇಳುವ ಶಿಸ್ತು. ಇಂಥ ಆಟದಿಂದ ಸ್ವಂತ ಮಾತು. ಎರಡೂ ಕೂಡಿದರೆ ಮಾತ್ರ ಪಾಠ ಪೂರ್ತಿ ಎಂದು ನನಗೆ ಅನ್ನಿಸುತ್ತದೆ.

ಈಗ ನಡೆಯುತ್ತಿರುವುದು ಬೇರೆ. ಶಾಲಾ ವಾರ್ಷಿಕೋತ್ಸವದ ನಾಟಕಗಳಲ್ಲಿ ಸಂಭಾಷಣೆಯನ್ನು ಮೊದಲೇ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿ, ವೇದಿಕೆಯ ಮೇಲೆ ಮಕ್ಕಳು ಬಾಯಿ ಆಡಿಸುವುದು ರೂಢಿಯಾಗುತ್ತಿದೆ. ತಪ್ಪಾಗುವುದಿಲ್ಲ, ಎಲ್ಲರಿಗೂ ಕೇಳಿಸುತ್ತದೆ, ವಿಡಿಯೋ ಚೆನ್ನಾಗಿ ಬರುತ್ತದೆ. ಆದರೆ ವರ್ಷಕ್ಕೊಮ್ಮೆ ಸಿಗುವ ದೊಡ್ಡ ಸಭೆಯಲ್ಲಿ ಮಗುವಿನ ದನಿಯನ್ನೇ ತೆಗೆದುಹಾಕಿದ ಮೇಲೆ ಅದಕ್ಕೆ ಬಣ್ಣ ಹಚ್ಚಿ ನಿಲ್ಲಿಸಿ ಏನು ಪ್ರಯೋಜನ? ಕಿರೀಟ ಬೇಡ, ಸೀನರಿ ಬೇಡ, ಐದೇ ನಿಮಿಷದ ನಾಟಕವಾದರೂ ಸಾಕು, ಮಾತು ಆ ಮಗುವಿನದೇ ಆಗಿರಲಿ ಎಂದು ಪೋಷಕರು ಪಟ್ಟು ಹಿಡಿಯಬೇಕು.

ಕಲಿಸುವವರಿಗೆ ಬರವಿಲ್ಲ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಸಾಣೇಹಳ್ಳಿಯಲ್ಲಿ, ಮೈಸೂರಿನ ರಂಗಾಯಣದಲ್ಲಿ ಕಲಿತು ಹೊರಬರುವ ತರುಣ ತರುಣಿಯರಿದ್ದಾರೆ. ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರೇ ಇದ್ದಾರೆ. ಖಾಸಗಿ ಶಾಲೆಗಳಿಗೂ ನೆಪವಿಲ್ಲ: 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರಕಲೆಗಳ ಜೊತೆಗೆ ನಾಟಕವನ್ನೂ ಶಾಲಾ ಶಿಕ್ಷಣದ ಭಾಗವೆಂದೇ ಹೇಳಿದೆ. ಜಾಗವೂ ಹತ್ತಿರದಲ್ಲೇ ಇದೆ. ಎಚ್.ಎಲ್. ನಾಗೇಗೌಡರು ಕಟ್ಟಿದ, 1994ರಲ್ಲಿ ಆರಂಭವಾದ ಜಾನಪದ ಲೋಕ ರಾಮನಗರದ ಹೆದ್ದಾರಿ ಪಕ್ಕದಲ್ಲೇ ಇದೆ. ಬಸ್ಸುಗಟ್ಟಲೆ ಮಕ್ಕಳು ಬಂದು ಯಕ್ಷಗಾನದ ವೇಷ, ತೊಗಲುಗೊಂಬೆ ನೋಡಿ ಊಟ ಮುಗಿಸಿ ಹೋಗುತ್ತಾರೆ. ಅಲ್ಲಿ ಬಯಲು ರಂಗಮಂದಿರವೂ ಇದೆ. ಮೈಕಿಲ್ಲದೆ ಕೊನೆಯ ಮೆಟ್ಟಿಲಿಗೆ ದನಿ ಮುಟ್ಟಿಸುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ತರಗತಿ ಈ ನಾಲ್ಕು ತಾಲ್ಲೂಕುಗಳಲ್ಲಿ ನಾನು ಕಾಣೆ.

ಶಾಲೆಯವರು ಸಾಮಾನ್ಯವಾಗಿ ಎತ್ತುವ ತೊಡಕು ಸಮಯದ್ದು. ಅದಕ್ಕೂ ದಾರಿಯಿದೆ. ಹಳ್ಳಿಗಳಲ್ಲಿ ನಾಟಕದ ಹಂಗಾಮು ಸುಗ್ಗಿ ಮುಗಿದ ಮೇಲೆ, ಜಾತ್ರೆಗಳ ಕಾಲಕ್ಕೆ ಏರುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದು ಜನ ಬಿತ್ತನೆಗೆ ಇಳಿದರೆಂದರೆ ಜಗುಲಿಯ ತಾಲೀಮು ಕಡಿಮೆಯಾಗುತ್ತದೆ, ಶಾಲೆಗಳು ತೆರೆಯುವುದೂ ಆಗಲೇ. ಆರರಿಂದ ಒಂಬತ್ತನೇ ಕ್ಲಾಸಿನವರೆಗೆ ವಾರಕ್ಕೊಂದು ಪೀರಿಯಡ್, ಊರಿನ ಮೇಷ್ಟ್ರು ಒಬ್ಬರು, ಅವರ ಜೊತೆಗೆ ರಂಗಶಿಕ್ಷಣ ಪಡೆದ ಒಬ್ಬ ಯುವಕನೋ ಯುವತಿಯೋ. ಇಷ್ಟಕ್ಕೆ ಆಗುವ ಖರ್ಚು ವಾರ್ಷಿಕೋತ್ಸವದ ಪೆಂಡಾಲು, ಲೈಟು, ಸ್ಟುಡಿಯೋ ರೆಕಾರ್ಡಿಂಗಿನ ಖರ್ಚಿನ ಪಕ್ಕದಲ್ಲಿಟ್ಟು ನೋಡುವಂಥದ್ದು. ಮುಂದಿನ ವರ್ಷದ ವೇಳಾಪಟ್ಟಿ ಬರೆಯುವ ಮುಖ್ಯೋಪಾಧ್ಯಾಯರು ಏಪ್ರಿಲ್‌ನಲ್ಲೇ ಪಕ್ಕದ ಹಳ್ಳಿಯ ಕುರುಕ್ಷೇತ್ರಕ್ಕೆ ಹೋಗಿ, ಹಾರ್ಮೋನಿಯಂ ಹಿಂದೆ ಕೂತವರನ್ನು ಮಾತಾಡಿಸಿ ಬರಲಿ.